ಜೀಪಿನ ಕೆಸರಿಗೆ ಎಷ್ಟು ಬಾರ್ ಬೇಕು?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಹಳೆಯ ಎಂಎಂ 540 ಜೀಪ್ ಇದೆ, ಒಂದು ಎಕ್ಸ್‌ಪಲ್ಸ್ ಬೈಕ್ ಇದೆ. ಮಳೆಗಾಲ ಪೂರ್ತಿ ಎರಡಕ್ಕೂ ಕೆಸರೇ ಬಣ್ಣ. ಪೇಟೆಯಲ್ಲಿ ವಾಟರ್ ಸರ್ವಿಸ್ ಮಾಡಿಸಿದರೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಮೊದಲಿನ ಹಾಗೇ. ಅದಕ್ಕೆ ಮನೆಗೇ ಒಂದು ಪ್ರೆಶರ್ ವಾಷರ್ ತರೋಣ ಅಂತಿದ್ದೇನೆ. 12 ಸಾವಿರದವರೆಗೆ ಹಾಕಬಹುದು. ಆನ್‌ಲೈನ್‌ನಲ್ಲಿ 1800 ವ್ಯಾಟ್, 250 ಬಾರ್, ನಿಮಿಷಕ್ಕೆ 8 ಲೀಟರ್ ಅಂತ ಒಂದು ನೋಡಿದೆ. ಬ್ಯಾಟರಿ ಗನ್ನೂ ನೋಡಿದೆ. ನಮ್ಮ ಭಾವ, ‘ಔಷಧಿ ಹೊಡೆಯೋ ಎಚ್‌ಟಿಪಿ ಮನೇಲೇ ಇದೆಯಲ್ಲ, ಅದ್ರಲ್ಲೇ ತೊಳಿ’ ಅಂತಾರೆ. ಗ್ಯಾರೇಜಿನವರು, ‘ಪ್ರೆಶರ್ ಹೊಡೆದ್ರೆ ಪೇಂಟೂ ಹೋಗುತ್ತೆ, ಬೇರಿಂಗೂ ಹೋಗುತ್ತೆ’ ಅಂತಾರೆ. ನೀರು ಬೋರ್‌ವೆಲ್‌ನದು, ಮನೆ ಮೇಲಿನ ಟ್ಯಾಂಕಿಗೆ ಏರಿಸಿ ಬಿಡುತ್ತೇವೆ. ಸಂಜೆ ಹೊತ್ತು ಕರೆಂಟು 180 ವೋಲ್ಟ್ ದಾಟುವುದಿಲ್ಲ. ಎಷ್ಟು ಬಾರ್‌ನದು ತಗೊಂಡರೆ ಸರಿ? ಅಪ್ಪ ಇದ್ದಾಗ ಜೀಪನ್ನು ಹೊಳೆಗೆ ಇಳಿಸಿ ತೊಳೆಯುತ್ತಿದ್ದರು. ಅದೇ ಒಳ್ಳೆಯದಿತ್ತೇನೋ ಅಂತಲೂ ಅನ್ನಿಸುತ್ತದೆ.

ಉತ್ತರ:

ನೀವು ಕೇಳಿರುವುದು ಎಷ್ಟು ಬಾರ್ ಅಂತ. ಆದರೆ ಪತ್ರ ಓದಿದಾಗ ನನಗೆ ಕಂಡಿದ್ದು ಬೇರೆ ಆತಂಕ. ಹಣ ಹಾಕಿ ತಂದ ಮಷಿನ್ನು ಕೆಸರು ಬಿಡಿಸದೆ ಹೋದರೆ ಹೇಗೆ, ಕೆಸರಿನ ಜೊತೆ ಜೀಪನ್ನೂ ಬಿಚ್ಚಿ ಹಾಕಿದರೆ ಹೇಗೆ, ಅಲ್ವಾ? ಎರಡೂ ನ್ಯಾಯವಾದ ಭಯಗಳೇ. ಬಹಳ ವರ್ಷ ಗ್ಯಾರೇಜಿನ ಜೊತೆಗೆ ವಾಟರ್ ಸರ್ವಿಸ್ ಶೆಡ್ಡನ್ನೂ ನಡೆಸಿದವನು ನಾನು. ಕೊಡಚಾದ್ರಿ ಹತ್ತಿ ಇಳಿದ ಜೀಪುಗಳನ್ನೂ, ಮಾಂದಲಪಟ್ಟಿಗೆ ದಿನಕ್ಕೆ ಮೂರು ಟ್ರಿಪ್ ಹೊಡೆದ ಜೀಪುಗಳನ್ನೂ ತೊಳೆದಿದ್ದೇನೆ. ಬೇಡದ ಕಡೆ ಗನ್ ಹಿಡಿದು ಹಾಳು ಮಾಡಿದ್ದೂ ಇದೆ. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಮಣ್ಣಿನ ವಿಷಯ. ನಮ್ಮ ಮಲೆನಾಡಿನ ಕೆಮ್ಮಣ್ಣಿನಲ್ಲಿ ಜೇಡಿ ಅಂಶ ಜಾಸ್ತಿ. ಕಣಗಳು ತೀರಾ ಸಣ್ಣವು, ಒಂದಕ್ಕೊಂದು ಅಂಟಿಕೊಳ್ಳುವಂಥವು. ಹಸಿ ಇದ್ದಾಗ ಬೆಣ್ಣೆ, ಒಣಗಿದ ಮೇಲೆ ಇಟ್ಟಿಗೆ. ಹಸಿ ಕೆಸರು ಬರೀ ಪೈಪಿನ ನೀರಿಗೆ ಜಾರಿ ಬೀಳುತ್ತದೆ. ಎರಡು ದಿನ ಒಣಗಿದ್ದನ್ನು ಕಿತ್ತು ತೆಗೆಯಬೇಕು. ಹಾಗೆ ಕೀಳಲು ಹೋದಾಗಲೇ ಪೇಂಟೂ ಬರುವುದು. ನೀವು ಯಾವ ಮಷಿನ್ ತಂದರೂ ಅರ್ಧ ಕೆಲಸವನ್ನು ಮಾಡುವುದು ನೆನೆಯುವ ಸಮಯ.

ಇನ್ನು ಬಾರ್. ಬಾರ್ ಅಂದರೆ ನೀರನ್ನು ಎಷ್ಟು ಒತ್ತಿ ಬಿಡುತ್ತಿದ್ದೇವೆ ಅನ್ನುವ ಲೆಕ್ಕ. ಒಂದು ಬಾರ್ ಸುಮಾರು 14.5 ಪಿಎಸ್‌ಐ. ನಿಮ್ಮ ಎಚ್‌ಟಿಪಿ ಗೇಜಿನಲ್ಲಿ ಕೆಜಿ ಅಂತ ಇರುತ್ತದಲ್ಲ, ಅದೂ ಬಾರೂ ಹೆಚ್ಚುಕಡಿಮೆ ಒಂದೇ. ಜಾಹೀರಾತಿನವರು ಈ ಒಂದು ಸಂಖ್ಯೆಯನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಆದರೆ ಕೆಸರಿಗೆ ಬೀಳುವ ಒಟ್ಟು ಪೆಟ್ಟು ಎರಡು ಸೇರಿ ಆಗಿದ್ದು. ಬಾರ್ ಒಂದು, ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದು ಇನ್ನೊಂದು. ಇದರಲ್ಲೊಂದು ತಮಾಷೆ ಇದೆ. ಲೀಟರ್ ಎರಡು ಪಟ್ಟಾದರೆ ಪೆಟ್ಟೂ ಎರಡು ಪಟ್ಟಾಗುತ್ತದೆ. ಬಾರ್ ಎರಡು ಪಟ್ಟಾದರೆ ಪೆಟ್ಟು ಒಂದೂವರೆ ಪಟ್ಟೂ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 110 ಬಾರ್, ನಿಮಿಷಕ್ಕೆ 6 ಲೀಟರ್ ಬಿಡುವ ಮನೆ ಮಷಿನ್ನಿನ ಧಾರೆ ಸುಮಾರು ಒಂದೂವರೆ ಕೆಜಿ ಬಲದಲ್ಲಿ ತಳ್ಳುತ್ತದೆ. ಬರೀ 30 ಬಾರ್, ಆದರೆ ನಿಮಿಷಕ್ಕೆ 18 ಲೀಟರ್ ಬಿಡುವ ಪಂಪಿನ ಧಾರೆ ಎರಡು ಕೆಜಿಗೂ ಮೇಲೆ ತಳ್ಳುತ್ತದೆ. ಕಿತ್ತ ಕೆಸರನ್ನು ಕೊಚ್ಚಿಕೊಂಡು ಕೆಳಗೆ ಹರಿಸುವುದಕ್ಕೂ ನೀರೇ ಬೇಕು. ಬರೀ ಬಾರ್ ಇದ್ದರೆ ಮಡ್‌ಗಾರ್ಡ್ ಒಳಗಿನ ಕೆಸರು ಹಾರಿ ನಿಮ್ಮ ಮುಖಕ್ಕೆ ಬರುತ್ತದೆ, ಇಲ್ಲವೇ ಇನ್ನೊಂದು ಮೂಲೆಯಲ್ಲಿ ಹೋಗಿ ಕೂರುತ್ತದೆ. ಪೇಟೆಯ ವಾಟರ್ ಸರ್ವಿಸ್‌ನಲ್ಲಿ ಹತ್ತು ನಿಮಿಷಕ್ಕೆ ಆಗುವ ಕೆಲಸ ಮನೆಯ ಸಣ್ಣ ಮಷಿನ್ನಿನಲ್ಲಿ ಮುಕ್ಕಾಲು ಗಂಟೆ ಹಿಡಿಯುವುದು ಇದಕ್ಕೇ. ಅಲ್ಲಿರುವುದು ಬೆಲ್ಟ್ ಹಾಕಿದ ಮೂರು ಪಿಸ್ಟನ್ನಿನ ಪಂಪು. ಅದು ನೀರನ್ನು ಜಾಸ್ತಿ ತಳ್ಳುತ್ತದೆ.

ಈಗ ನೀವು ನೋಡಿದ ಆ 250 ಬಾರ್ ಮಷಿನ್ನಿಗೆ ಬರೋಣ. ಡಬ್ಬದ ಮೇಲಿನ ಸುಳ್ಳು ಹಿಡಿಯಲು ಒಂದು ಸುಲಭದ ಗುಣಾಕಾರ ಇದೆ. ಬಾರ್ ಮತ್ತು ನಿಮಿಷದ ಲೀಟರ್ ಎರಡನ್ನೂ ಗುಣಿಸಿ, 600ರಿಂದ ಭಾಗಿಸಿ. ಬರುವುದು ಆ ಕೆಲಸಕ್ಕೆ ಬೇಕಾದ ಕಿಲೋವ್ಯಾಟ್. 250 ಸಲ 8 ಅಂದರೆ 2000. 600ರಿಂದ ಭಾಗಿಸಿದರೆ 3.3 ಕಿಲೋವ್ಯಾಟ್. ಅಂದರೆ ನೀರಿಗೇ 3300 ವ್ಯಾಟ್ ಬೇಕು. ಮೋಟಾರು ಎಳೆಯುವುದು 1800. ಉಳಿದದ್ದು ಎಲ್ಲಿಂದ ಬಂತು? ಮೋಟಾರಿಗೆ ಹೋದ ಕರೆಂಟೆಲ್ಲ ನೀರಿಗೆ ಬರುವುದೂ ಇಲ್ಲ, ಬಿಸಿಯಾಗಿ, ಸದ್ದಾಗಿ ಒಂದಷ್ಟು ಹೋಗಿಯೇ ಹೋಗುತ್ತದೆ. ಡಬ್ಬದ ಮೇಲೆ ಇಷ್ಟು ಸಲೀಸಾಗಿ ಬರೆದವರು ಒಳಗಿನ ಸೀಲು, ವಾಲ್ವುಗಳ ವಿಷಯದಲ್ಲಿ ಪ್ರಾಮಾಣಿಕರಾಗಿರುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಬಿಟ್ಟುಬಿಡಿ.

ಒಳ್ಳೆಯ ಕಂಪನಿಯವರ ಡಬ್ಬದಲ್ಲೂ ಎರಡು ಸಂಖ್ಯೆ ಇರುತ್ತದೆ. ದೊಡ್ಡದು ‘ಮ್ಯಾಕ್ಸ್’, ಸಣ್ಣದು ‘ರೇಟೆಡ್’ ಅಥವಾ ‘ವರ್ಕಿಂಗ್’. ಮ್ಯಾಕ್ಸ್ 110 ಅಂತ ಬರೆದ ಮನೆ ಮಷಿನ್ನು ಕೆಲಸ ಮಾಡುವಾಗ 70–80 ಬಾರ್ ಕೊಡುವುದು ಮಾಮೂಲು. ಅದು ಮೋಸ ಅಲ್ಲ. ಆದರೆ ಹೋಲಿಸುವಾಗ ಒಂದರ ಮ್ಯಾಕ್ಸನ್ನು ಇನ್ನೊಂದರ ವರ್ಕಿಂಗಿಗೆ ಹೋಲಿಸಬೇಡಿ. ಲೀಟರನ್ನು ಕೆಲವರು ಗಂಟೆಗೆ ಇಷ್ಟು ಅಂತ ಬರೆಯುತ್ತಾರೆ, 60ರಿಂದ ಭಾಗಿಸಿಕೊಳ್ಳಿ. ಗಂಟೆಗೆ 360 ಅಂದರೆ ನಿಮಿಷಕ್ಕೆ ಬರೀ 6.

ಬ್ಯಾಟರಿ ಗನ್ನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯದಾದರೆ 20–25 ಬಾರ್ ಕೊಡುತ್ತದೆ, ನೀರು ನಿಮಿಷಕ್ಕೆ ಎರಡು ಮೂರು ಲೀಟರ್. 48 ವೋಲ್ಟ್, 88 ವೋಲ್ಟ್ ಅಂತ ಬರೆದ ಎಷ್ಟೋ ಬ್ಯಾಟರಿಗಳನ್ನು ಬಿಚ್ಚಿದರೆ ಐದು ಲಿಥಿಯಂ ಸೆಲ್ ಸಾಲಾಗಿ ಇರುತ್ತವೆ. ಒಂದಕ್ಕೆ 3.7 ವೋಲ್ಟಿನಂತೆ ಎಷ್ಟಾಯಿತು, ನೀವೇ ಕೂಡಿಸಿ. ಬೈಕಿನ ಮೇಲಿನ ಧೂಳಿಗೆ ಅದು ಸಾಕು. ಎಂಎಂ 540ರ ಅಡಿಗೆ ಅದನ್ನು ಹಿಡಿದುಕೊಂಡು ಹೋದರೆ ಬೇಜಾರಾಗುವುದು ಗನ್ನಿಗಲ್ಲ, ನಿಮಗೆ.

ಭಾವ ಹೇಳಿದ್ದರಲ್ಲಿ ಸತ್ಯ ಎಷ್ಟು?

ಬಹಳ ಇದೆ. ಎಚ್‌ಟಿಪಿ ಪಂಪಿಗೂ ವಾಟರ್ ಸರ್ವಿಸ್ ಪಂಪಿಗೂ ಸಂಬಂಧ ಅಣ್ಣ ತಮ್ಮಂದಿರದು. ಎರಡರಲ್ಲೂ ಪಿಸ್ಟನ್ನು, ಎರಡಕ್ಕೂ ಬೆಲ್ಟು. ತೋಟದ ಪಂಪನ್ನು ಸಾಮಾನ್ಯವಾಗಿ 20ರಿಂದ 40 ಕೆಜಿ ಒಳಗೆ ಓಡಿಸುತ್ತೇವೆ, ನೀರು ಧಾರಾಳವಾಗಿ ಬರುತ್ತದೆ. ಜೀಪಿನ ಅಡಿಗೆ, ಚಾಸಿಗೆ, ಸ್ಪ್ರಿಂಗ್ ಪ್ಲೇಟುಗಳ ಸಂದಿಗೆ ಇದಕ್ಕಿಂತ ಒಳ್ಳೆಯ ಜೋಡಣೆ 12 ಸಾವಿರಕ್ಕೆ ಹೊಸದಾಗಿ ಸಿಗುವುದು ಕಷ್ಟ. ನಿಮ್ಮದು ಇಂಜಿನ್ನಿನದೋ ಮೋಟಾರಿನದೋ ನೀವು ಬರೆದಿಲ್ಲ. ಇಂಜಿನ್ನಿನದಾದರೆ 180 ವೋಲ್ಟಿನ ತಲೆನೋವೂ ಇಲ್ಲ. ಶೆಡ್ಡಿನೊಳಗೆ ಬಾಗಿಲು ಹಾಕಿ ಮಾತ್ರ ಓಡಿಸಬೇಡಿ. ಆ ಹೊಗೆ ಜೀವ ತೆಗೆಯುತ್ತದೆ, ಮೊದಲೇ ಗೊತ್ತೂ ಆಗುವುದಿಲ್ಲ.

ಭಾವ ಹೇಳದೆ ಬಿಟ್ಟ ವಿಷಯ ಒಂದಿದೆ: ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ. ಅಡಿಕೆಗೋ ಕಾಫಿಗೋ ಮೈಲುತುತ್ತ, ಸುಣ್ಣ ಹೊಡೆದ ಪಂಪಿನಲ್ಲೇ ಜೀಪಿಗೆ ನೀರು ಹೊಡೆದರೆ ಪೈಪಿನ ಹೊಟ್ಟೆಯಲ್ಲಿ ಉಳಿದದ್ದೆಲ್ಲ ಮೊದಲು ಜೀಪಿಗೆ ಬೀಳುತ್ತದೆ. ಬೋರ್ಡೋ ಹದ ನೋಡಲು ಕಬ್ಬಿಣದ ಕತ್ತಿ ಅದ್ದಿ ನೋಡುತ್ತೀರಲ್ಲ. ಸುಣ್ಣ ಸಾಲದೆ ಹೋದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಅದೇ ಪರೀಕ್ಷೆಯನ್ನು ಜೀಪಿನ ಮೇಲೆ ಮಾಡಬೇಡಿ. ಪೇಂಟು ಎದ್ದ ಕಬ್ಬಿಣದ ಮೇಲೆ, ಅಲ್ಯೂಮಿನಿಯಂ ಭಾಗಗಳ ಮೇಲೆ ತಾಮ್ರ ಕೂತರೆ ಅದರ ಸುತ್ತ ಲೋಹ ಬೇಗ ತಿಂದುಹೋಗುತ್ತದೆ. ನಾನು ನೋಡಿದ ಒಂದು ತೋಟದ ಜೀಪಿನಲ್ಲಿ ಆಲ್ಟರ್ನೇಟರಿನ ಮೈಯೆಲ್ಲ ಬಿಳಿ ಪುಡಿ ಎದ್ದು ಗುಳಿ ಬಿದ್ದಿತ್ತು. ಯಜಮಾನರು ಬ್ಯಾಟರಿ ಆ್ಯಸಿಡ್ ಅಂತ ಬೈಯುತ್ತಿದ್ದರು. ವಿಚಾರಿಸಿದರೆ, ಬೆಳಿಗ್ಗೆ ಔಷಧಿ, ಮಧ್ಯಾಹ್ನ ಅದೇ ಪೈಪಿನಲ್ಲಿ ಜೀಪು.

ಉಪಾಯ ಸುಲಭ. ಜೀಪಿಗೆ ಅಂತ ಬೇರೆ ಹೋಸ್, ಬೇರೆ ಗನ್ ತನ್ನಿ. ಔಷಧಿ ಹೊಡೆದ ದಿನ ಪಂಪನ್ನು ಶುದ್ಧ ನೀರಿನಲ್ಲಿ ಹತ್ತು ನಿಮಿಷ ಓಡಿಸಿ, ಆ ನೀರನ್ನು ಬಾವಿ, ಹಳ್ಳದ ಕಡೆ ಬಿಡದೆ ತೋಟಕ್ಕೇ ಬಿಡಿ. ಸುಣ್ಣದ ಗಟ್ಟಿ ಕಣಗಳು ಗನ್ನಿನ ತೂತಿಗೂ ಸಿಕ್ಕಿಕೊಳ್ಳುತ್ತವೆ, ಪೇಂಟಿಗೂ ಗೀರು ಹಾಕುತ್ತವೆ, ಹಾಗಾಗಿ ಒಂದು ಜಾಲರಿ ಫಿಲ್ಟರ್ ಇರಲಿ. ಪ್ರೆಶರ್ 25–30 ಕೆಜಿ ದಾಟಿಸಬೇಡಿ. ಗನ್ನಿನ ಮೂತಿ ತಿರುಗಿಸಿ ಧಾರೆಯನ್ನು ಸ್ವಲ್ಪ ಅಗಲ ಮಾಡಿಕೊಳ್ಳಿ. ಹೋಸ್ ಮಾತ್ರ ಆ ಪ್ರೆಶರ್ ತಡೆಯುವ ಸ್ಪ್ರೇ ಹೋಸೇ ಆಗಬೇಕು. ತೋಟಕ್ಕೆ ನೀರು ಬಿಡುವ ಹಸಿರು ಪೈಪು ಸಿಕ್ಕಿಸಿದರೆ ಹಾವಿನ ಹಾಗೆ ಎದ್ದು ಹೊಡೆಯುತ್ತದೆ.

ಎಚ್‌ಟಿಪಿಗೆ ಒಗ್ಗದ ಕೆಲಸ ಬೈಕು. ಬೈಕಿನಲ್ಲಿ ನೀರು ಹೋಗಬಾರದ ಜಾಗಗಳು ಒತ್ತೊತ್ತಾಗಿವೆ, ಅಷ್ಟೊಂದು ನೀರಿನ ಧಾರೆಯನ್ನು ಅಲ್ಲಿ ಹಿಡಿತದಲ್ಲಿ ಇಡುವುದು ಕಷ್ಟ. ಜೊತೆಗೆ ಪ್ರತಿ ಸಲ ಬೆಲ್ಟು, ಇಂಜಿನ್ನು ಅಂತ ಎಳೆದಾಡಲು ಬೇಜಾರು. ಬೇಜಾರಾದರೆ ನಾಳೆ ತೊಳೆಯೋಣ ಅಂತೀರಿ. ನಾಳೆಗೆ ಕೆಸರು ಇಟ್ಟಿಗೆಯಾಗಿರುತ್ತದೆ.

ಸಣ್ಣ ಮಷಿನ್ನು ತರುವುದಾದರೆ

ಹೀಗಾಗಿ ಒಂದು ಸಣ್ಣ ಕರೆಂಟಿನ ಮಷಿನ್ನು ತಂದರೂ ತಪ್ಪಿಲ್ಲ. ಆದರೆ ಬಾರ್ ನೋಡುವ ಮೊದಲು ಹಿತ್ತಲಿನ ನಲ್ಲಿ ನೋಡಿ. ಮಷಿನ್ನು ಕೇಳುವಷ್ಟು ನೀರು ಅದಕ್ಕೆ ಸಿಗಬೇಕು. ಹತ್ತಡಿ ಎತ್ತರದ ಟ್ಯಾಂಕಿನಿಂದ ಬರುವ ನೀರಿಗೆ ಇರುವ ಒತ್ತಡ ಬರೀ 0.3 ಬಾರ್. ಅದೂ ಅರ್ಧ ಇಂಚಿನ ಪೈಪು, ನಾಲ್ಕು ಬೆಂಡು, ಒಂದು ಹಳೆಯ ನಲ್ಲಿ ದಾಟಿ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಎರಡು ನಿಮಿಷದೊಳಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಬಂತು, ಚಿಂತೆ ಇಲ್ಲ. ಮೂರು ನಿಮಿಷ ದಾಟಿದರೆ ಪಂಪು ನೀರಿನ ಬದಲು ಗಾಳಿ ನುಂಗಲು ಶುರು ಮಾಡುತ್ತದೆ. ಗನ್ನಿನಿಂದ ನೀರು ಬಿಟ್ಟು ಬಿಟ್ಟು ಬರುತ್ತದೆ, ಒಳಗೆ ಗೊರಗೊರ ಸದ್ದು, ಸ್ವಲ್ಪ ದಿನಕ್ಕೆ ಸೀಲು ಹೋಗುತ್ತದೆ. ‘ಎರಡೇ ತಿಂಗಳಿಗೆ ಕೆಟ್ಟಿತು’ ಅಂತ ನನ್ನ ಹತ್ತಿರ ಬಂದ ಮಷಿನ್ನುಗಳಲ್ಲಿ ಬಹಳಷ್ಟಕ್ಕೆ ಆಗಿದ್ದು ಇದೇ ಕಾಯಿಲೆ. ನಲ್ಲಿ ಸಾಲದಿದ್ದರೆ, ಡ್ರಮ್ಮಿನಿಂದ ತಾನೇ ನೀರು ಎಳೆದುಕೊಳ್ಳುವ ಮಷಿನ್ನು ನೋಡಿ. ಡ್ರಮ್ಮು ಮಷಿನ್ನಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲೆ ಇರಲಿ. ಬೋರ್‌ವೆಲ್ ನೀರಿನಲ್ಲಿ ಮರಳಿನ ಹುಡಿ ಇರುತ್ತದೆ, ಒಳಗೆ ಹೋಗುವ ಕಡೆಯ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ.

ಆಮೇಲೆ ಕರೆಂಟು. ಮನೆಗೆ ಬರುವ ಮಷಿನ್ನುಗಳಲ್ಲಿ ಎರಡು ಜಾತಿಯ ಮೋಟಾರು. ಒಂದು ಕಾರ್ಬನ್ ಬ್ರಷ್‌ನದು, ಮಿಕ್ಸಿಯಲ್ಲಿ ಇರುವಂಥದ್ದು. ಹಗುರ, ಅಗ್ಗ, ಕಿರುಚುತ್ತದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸುಧಾರಿಸಿಕೊಳ್ಳಲು ಬಿಡಬೇಕು. ಇನ್ನೊಂದು ಇಂಡಕ್ಷನ್ ಮೋಟಾರು. ಭಾರ, ಸದ್ದು ಕಡಿಮೆ, ಬಾಳಿಕೆ ಜಾಸ್ತಿ, ದುಡ್ಡೂ ಜಾಸ್ತಿ. ಎಲ್ಲರೂ ಇಂಡಕ್ಷನ್ನೇ ತಗೊಳ್ಳಿ ಅಂತಾರೆ. ನಿಮ್ಮ ಮನೆಗೆ ನಾನು ಹಾಗೆ ಹೇಳುವುದಿಲ್ಲ. ಇಂಡಕ್ಷನ್ ಮೋಟಾರಿನ ಎಳೆತ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಶಕ್ತಿ ನೂರಕ್ಕೆ ಅರವತ್ತೇ. ಹಮ್ ಅಂತ ನಿಲ್ಲುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟ ವಾಸನೆ. ಬ್ರಷ್ ಮೋಟಾರು ಅದೇ ವೋಲ್ಟೇಜಿನಲ್ಲಿ ನಿಧಾನವಾಗಿ ಓಡುತ್ತದೆ ಅಷ್ಟೇ. ಬೆಳಿಗ್ಗೆ ಹೊತ್ತು ವೋಲ್ಟೇಜ್ ಸರಿ ಇದ್ದರೆ ತೊಳೆಯುವುದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಸಂಜೆಯೇ ತೊಳೆಯಬೇಕು ಅಂದರೆ ವಾರಕ್ಕೊಮ್ಮೆಯ ನಿಮ್ಮ ಕೆಲಸಕ್ಕೆ ಬ್ರಷ್ ಮೋಟಾರೇ ವಾಸಿ. ಬ್ರಷ್ಷು ಸವೆದಾಗ ಹಾಕಿಕೊಡುವವರು ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಇದ್ದಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ವೈರಿನಲ್ಲಿ ಮಾತ್ರ ಜಿಪುಣತನ ಬೇಡ. 1500 ವ್ಯಾಟಿನ ಮಷಿನ್ನು ಆರೂವರೆ ಆಂಪಿಯರ್ ಎಳೆಯುತ್ತದೆ. ಸೀರಿಯಲ್ ಸೆಟ್ಟಿನ ವೈರಿನಂಥ ತೆಳು ಎಕ್ಸ್‌ಟೆನ್ಷನ್ ಹಾಕಿದರೆ ಇರುವ 180ರಲ್ಲೂ ಹತ್ತು ಹದಿನೈದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಇಪ್ಪತ್ತು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿ, ಜಾಯಿಂಟ್ ಬೇಡ. ಅರ್ಥಿಂಗ್ ಸರಿ ಇರಬೇಕು, ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಮೂರನೇ ಪಿನ್ನು ಮುರಿದು ಚುಚ್ಚುವವರನ್ನು ನೋಡಿದ್ದೇನೆ. ಬರಿಗಾಲು, ಒದ್ದೆ ನೆಲ, ಕೈಯಲ್ಲಿ ಗನ್ನು. ಅಲ್ಲಿ ತಮಾಷೆಗೆ ಜಾಗ ಇಲ್ಲ.

ಹಾಗಾದರೆ ಮಷಿನ್ನು ಎಂಥದ್ದು? ಮ್ಯಾಕ್ಸ್ 110–130 ಬಾರ್ ಸಾಕು. ಲೀಟರ್ ಆರಕ್ಕಿಂತ ಕಡಿಮೆ ಬೇಡ, ಏಳೆಂಟು ಸಿಕ್ಕರೆ ಇನ್ನೂ ನೂರು ರೂಪಾಯಿ ಕೊಡಿ. ಗನ್ ಬಿಟ್ಟ ತಕ್ಷಣ ಮೋಟಾರು ತಾನೇ ನಿಲ್ಲುವಂತಿರಲಿ. ಇಲ್ಲದಿದ್ದರೆ ನೀವು ಫೋನಿನಲ್ಲಿ ಮಾತಾಡುವಷ್ಟರಲ್ಲಿ ಪಂಪಿನೊಳಗೆ ಅದೇ ನೀರು ಸುತ್ತಿ ಸುತ್ತಿ ಕುದಿಯುತ್ತದೆ. ಹೋಸು ಕಡೇಪಕ್ಷ ಎಂಟು ಮೀಟರ್. ಐದು ಮೀಟರಿನದಾದರೆ ಜೀಪಿನ ಸುತ್ತ ಮಷಿನ್ನನ್ನು ಕರುವಿನ ಹಾಗೆ ಎಳೆದುಕೊಂಡು ತಿರುಗಬೇಕು. ಪಂಪಿನ ತಲೆ ಪ್ಲಾಸ್ಟಿಕ್ಕಿನದಕ್ಕಿಂತ ಅಲ್ಯೂಮಿನಿಯಂ ಒಳ್ಳೆಯದು, ಅದಕ್ಕಿಂತ ಹಿತ್ತಾಳೆ. ಹಿತ್ತಾಳೆಯದು ನಿಮ್ಮ ಬಜೆಟ್ಟಿನಲ್ಲಿ ಬರಲಿಕ್ಕಿಲ್ಲ, ಅದಕ್ಕೆ ಕೊರಗುವುದೂ ಬೇಡ. ಪೆಟ್ರೋಲ್ ಇಂಜಿನ್ನಿನ ಪ್ರೆಶರ್ ವಾಷರುಗಳೂ ಇವೆ. ಎಚ್‌ಟಿಪಿ ಇರುವ ಮನೆಗೆ ಅದು ದಂಡ.

ಗ್ಯಾರೇಜಿನವರ ಎಚ್ಚರಿಕೆ

ಅವರು ಹೇಳಿದ್ದು ಅರ್ಧ ನಿಜ. ಹಾಳು ಮಾಡುವುದು ಮಷಿನ್ನಲ್ಲ, ದೂರ ಮತ್ತು ನಾಝಲ್. ನಾಝಲ್‌ಗಳಿಗೆ ಬಣ್ಣದ ಗುರುತು ಇರುತ್ತದೆ. ಕೆಂಪು ಸೊನ್ನೆ ಡಿಗ್ರಿ, ಸೂಜಿಯಂಥ ಧಾರೆ. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ. ಕಪ್ಪು ಸೋಪಿನದು. ಡಬ್ಬ ಬಿಚ್ಚಿದ ದಿನವೇ ಕೆಂಪನ್ನು ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ, ಅದು ಯಾವ ವಾಹನಕ್ಕೂ ಬೇಡ. ಸುರುಳಿ ಸುತ್ತುವ ಟರ್ಬೊ ನಾಝಲ್ ಕೊಟ್ಟಿದ್ದರೆ ಅದು ಕಾಫಿ ಕಣದ ಪಾಚಿಗೆ ಒಳ್ಳೆಯದು, ಟೈರಿಗೆ ಹಿಡಿಯಬೇಡಿ. ಮೈಗೆ ಬಿಳಿ, ಅಡಿಗೆ ಹಸಿರು. ಒಂದಡಿಗಿಂತ ಹತ್ತಿರ ಹೋಗಬೇಡಿ, ಟೈರಿಗೂ ಅಷ್ಟೇ. ಹತ್ತಿರದಿಂದ ಹೊಡೆದು ಟೈರಿನ ಪಕ್ಕದ ರಬ್ಬರು ಒಳಗೇ ಸೀಳಿದರೆ ಅವತ್ತು ಕಾಣುವುದಿಲ್ಲ, ಘಾಟಿಯಲ್ಲಿ ಕಾಣುತ್ತದೆ.

ಪೇಂಟಿನ ವಿಷಯ. ಗಟ್ಟಿ ಇರುವ ಪೇಂಟಿಗೆ ಒಂದಡಿ ದೂರದ ಅಗಲ ಧಾರೆಯಿಂದ ಏನೂ ಆಗುವುದಿಲ್ಲ. ಆದರೆ 540ರ ವಯಸ್ಸಿನ ಜೀಪು ಅಂದರೆ ಪುಟ್ಟಿಯ ಮೇಲೆ ಪೇಂಟು, ಅದರ ಮೇಲೆ ಇನ್ನೊಂದು ಪೇಂಟು. ಎಲ್ಲಾದರೂ ಅಂಚು ಎದ್ದಿದ್ದರೆ ನೀರು ಅದರಡಿ ನುಗ್ಗಿ ರೊಟ್ಟಿಯ ಹಾಗೆ ಎಬ್ಬಿಸುತ್ತದೆ. ಅಂಥ ಕಡೆ ಬಟ್ಟೆ, ಬಕೆಟ್ಟು.

ಬೇರಿಂಗಿನದು ನಿಜವಾದ ಭಯ. ವೀಲ್ ಬೇರಿಂಗಿನ ಸೀಲು ಇರುವುದು ಗ್ರೀಸನ್ನು ಒಳಗೆ ಇಡಲು, ಧೂಳು, ಎರಚುವ ನೀರನ್ನು ಹೊರಗೆ ಇಡಲು. 80 ಬಾರಿನ ಧಾರೆಯನ್ನು ತಡೆಯಲು ಅದನ್ನು ಮಾಡಿಲ್ಲ. ಗ್ರೀಸು ಹೊರಗೆ, ನೀರು ಒಳಗೆ, ಎರಡು ತಿಂಗಳಿಗೆ ಗುಂಯ್ ಅನ್ನುವ ಸದ್ದು. ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ಜೀಪಿನ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳನ್ನು, ಅಂದರೆ ಕ್ರಾಸ್‌ಗಳನ್ನು ಥಳಥಳ ಹೊಳೆಯುವ ಹಾಗೆ ತೊಳೆದು ಕೊಟ್ಟಿದ್ದೆ. ಅವರಿಗೆ ಖುಷಿಯೋ ಖುಷಿ. ಮೂರು ವಾರಕ್ಕೆ ಕ್ರಾಸ್ ಕಟಕಟ ಅನ್ನುತ್ತಾ ಬಂತು. ದುಡ್ಡು ನನ್ನ ಜೇಬಿನಿಂದ ಹೋಯಿತು. ಅವತ್ತಿನಿಂದ ಗ್ರೀಸ್ ಇರುವ ಜಾಗದಲ್ಲಿ ಬರೀ ಕೆಸರು ಬಿಡಿಸುವುದು, ಹೊಳಪು ಬೇಡ. ತೊಳೆದ ಮೇಲೆ ಕ್ರಾಸ್‌ಗಳಿಗೆ, ಸ್ಪ್ರಿಂಗ್ ಪ್ಲೇಟು ತೂಗುವ ಶಾಕಲ್‌ಗಳಿಗೆ ಗ್ರೀಸ್ ಗನ್ ಹಿಡಿಯಿರಿ, ಹಳೆಯ ಗ್ರೀಸು ನೀರಿನ ಸಮೇತ ಹೊರಗೆ ಬರುವವರೆಗೆ ಒತ್ತಿ.

ರೇಡಿಯೇಟರಿಗೆ ಓರೆಯಾಗಿ ಹೊಡೆದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ನೇರವಾಗಿ, ದೂರದಿಂದ, ಬರೀ ಪೈಪಿನ ನೀರು ಸಾಕು. ಆಲ್ಟರ್ನೇಟರ್, ಸೆಲ್ಫ್ ಮೋಟಾರು, ಏರ್ ಕ್ಲೀನರಿನ ಬಾಯಿ, ಆಕ್ಸಲ್ ಹೌಸಿಂಗಿನ ಮೇಲಿನ ಬ್ರೀದರ್ (ಗಾಳಿ ಆಡುವ ತೂತು), ಇವುಗಳ ಕಡೆ ಗನ್ ತಿರುಗಿಸಬೇಡಿ. ಬೈಕಿನಲ್ಲಾದರೆ ಹ್ಯಾಂಡಲ್ ಬೇರಿಂಗು, ಚಕ್ರದ ನಡುಭಾಗ, ಮುಂದಿನ ಫೋರ್ಕಿನ ಸೀಲು, ಸ್ವಿಚ್ಚುಗಳು, ಸೈಲೆನ್ಸರಿನ ಬಾಯಿ. ಓ-ರಿಂಗ್ (ಸಣ್ಣ ರಬ್ಬರ್ ಬಳೆ) ಇರುವ ಚೈನಾದರೆ ಅದರ ಒಳಗಿನ ಗ್ರೀಸು ಒಮ್ಮೆ ಹೋದರೆ ಹೊರಗಿನಿಂದ ತುಂಬಲು ಆಗುವುದಿಲ್ಲ. ಚೈನಿಗೆ ಸೀಮೆಎಣ್ಣೆ, ಬ್ರಷ್ಷು, ಒಣಬಟ್ಟೆ, ಆಮೇಲೆ ಚೈನ್ ಲ್ಯೂಬ್. ಬಂದ ತಕ್ಷಣ ಬಿಸಿ ಡಿಸ್ಕಿಗೂ ಬಿಸಿ ಸೈಲೆನ್ಸರಿಗೂ ತಣ್ಣೀರು ಹೊಡೆಯಬೇಡಿ, ಒಂದು ಕಾಫಿ ಕುಡಿದು ಬನ್ನಿ.

ಆ ಕಾಫಿಯ ಹೊತ್ತಿನಲ್ಲೇ ನೆನೆಸುವ ಕೆಲಸ ಆಗಲಿ. ನೆಲದಲ್ಲಿ ಇಡುವ ಸಣ್ಣ ಸ್ಪ್ರಿಂಕ್ಲರ್ ಸಿಗುತ್ತದೆ, ಕೈತೋಟದ್ದು. ಕಾಫಿ ಹೂ ಅರಳಿಸಲು ಹಾಕುವ ನಿಮ್ಮ ಹೂಮಳೆಯ ದೊಡ್ಡ ಸ್ಪ್ರಿಂಕ್ಲರ್ ಅಲ್ಲ ಮತ್ತೆ! ಅದನ್ನು ಜೀಪಿನ ಅಡಿಯಲ್ಲಿ ಇಟ್ಟು ಇಪ್ಪತ್ತು ನಿಮಿಷ ಬಿಡಿ, ಜಾಗ ಒಂದೆರಡು ಸಲ ಬದಲಾಯಿಸಿ. ನಾನು ಹೇಳುವ ಎಲ್ಲದರಲ್ಲಿ ಅಗ್ಗದ್ದು ಇದು, ಜನ ನಂಬದೆ ಇರುವುದೂ ಇದನ್ನೇ. ಆಮೇಲೆ ಗನ್ ಹಿಡಿದರೆ ಕೆಸರು ಗಟ್ಟಿಗಟ್ಟಿಯಾಗಿ ಕಳಚಿ ಬೀಳುತ್ತದೆ. ಮಡ್‌ಗಾರ್ಡಿನ ಒಳಮಡಿಕೆ, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಚಾಸಿಯ ಅಡ್ಡಪಟ್ಟಿಗಳ ಒಳಗೆ ಕೈ ಹಾಕಿ ನೋಡಿ. ತುಕ್ಕು ಹುಟ್ಟುವುದು ಅಲ್ಲೇ, ಹೊರಗೆ ಕಾಣುವ ಕಡೆ ಅಲ್ಲ. ಚಾಸಿಯ ಅಡಿಯಲ್ಲಿ ನೀರು ಇಳಿಯಲು ತೂತುಗಳಿವೆ, ಒಂದು ತಂತಿ ಹಾಕಿ ಬಿಡಿಸಿ.

ತೊಳೆದ ಮೇಲೆ ಅಡಿಗೆ ಡೀಸೆಲ್ಲೋ ಹಳೆ ಇಂಜಿನ್ ಆಯಿಲೋ ಹೊಡೆಯುವ ಪದ್ಧತಿ ನಮ್ಮ ಕಡೆ ಇದೆ. ಸರ್ವಿಸ್ ಶೆಡ್ಡಿನಲ್ಲಿ ಕೇಳಿ ಕೇಳಿ ಹೊಡೆಸಿಕೊಳ್ಳುತ್ತಿದ್ದರು, ನಾನೂ ಹೊಡೆದಿದ್ದೇನೆ. ರಬ್ಬರ್ ಬುಷ್ಷುಗಳು ಅದನ್ನು ಕುಡಿದು ಉಬ್ಬುತ್ತವೆ, ಬೇಗ ಹರಿಯುತ್ತವೆ. ಮೊದಲ ಧೂಳಿನ ರಸ್ತೆಯಲ್ಲೇ ಎಣ್ಣೆಗೆ ಮಣ್ಣು ಮೆತ್ತಿ ಇನ್ನೊಂದು ಪದರ ಆಗುತ್ತದೆ. ಒಣಗಿಸಿ, ತುಕ್ಕು ಕಂಡ ಕಡೆ ಉಜ್ಜಿ, ಪ್ರೈಮರ್ ಹಚ್ಚಿ. ಅಷ್ಟು ಸಾಕು.

ಇನ್ನೊಂದು ಮಾತು ಹೇಳದೆ ಇರಲಾರೆ. ಧಾರೆಗೆ ಕೈ ಒಡ್ಡಿ ನೋಡುವುದು, ಕಾಲಿನ ಕೆಸರು ಅದರಲ್ಲೇ ತೊಳೆಯುವುದು, ಇದನ್ನು ದೊಡ್ಡವರೂ ಮಾಡುತ್ತಾರೆ. ಏಳೆಂಟು ಬಾರಿನ ಧಾರೆಯೇ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಕಾಣುವುದು ಸೊಳ್ಳೆ ಕಚ್ಚಿದಷ್ಟು ಗಾಯ, ಒಳಗೆ ಕೊಳಕು ನೀರು ಮಾಂಸದ ಸಂದಿಯಲ್ಲಿ ಹರಡಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಪ್ರೆಶರ್ ಗನ್ನಿನಿಂದ ಆಗಿದ್ದು ಅಂತ ಬಾಯಿಬಿಟ್ಟು ಹೇಳಿ. ತೊಳೆಯುವಾಗ ಗಂಬೂಟು, ಕಣ್ಣಿಗೆ ಕನ್ನಡಕ.

ಬೆಂಗಳೂರಿನಲ್ಲಿ ಥಾರ್, ಜಿಮ್ನಿ ಇಟ್ಟುಕೊಂಡು ವಾರಾಂತ್ಯಕ್ಕೆ ನಿಮ್ಮ ಕಡೆ ಬರುವವರು ಇದನ್ನು ಓದುತ್ತಿದ್ದರೆ, ಅವರಿಗೆ ಲೆಕ್ಕ ಬೇರೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ನಿಮಿಷಕ್ಕೆ 6 ಲೀಟರಿನ ಮಷಿನ್ನು ಇಪ್ಪತ್ತು ನಿಮಿಷಕ್ಕೆ 120 ಲೀಟರ್ ಕುಡಿಯುತ್ತದೆ. ಅವರು ಹೊರಡುವ ಮೊದಲು ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಹಸಿ ಇದ್ದಾಗಲೇ ವಾಟರ್ ಸರ್ವಿಸ್ ಮಾಡಿಸಿಕೊಂಡು ಹೋಗುವುದೇ ಜಾಣತನ.

ನಿಮಗೆ ನನ್ನ ಸಲಹೆ ಇದು. ಈ ಮಳೆಗಾಲಕ್ಕೆ ಮೊದಲು ಎಚ್‌ಟಿಪಿಗೆ ಬೇರೆ ಹೋಸು, ಬೇರೆ ಗನ್ನು, ಒಂದು ಸಣ್ಣ ಸ್ಪ್ರಿಂಕ್ಲರ್ ತನ್ನಿ. ಜೀಪಿನ ಅಡಿಯನ್ನು ಅದರಲ್ಲೇ ತೊಳೆದು ನೋಡಿ. ತಿಂಗಳಾದ ಮೇಲೂ ಬೈಕಿಗೆ, ಜೀಪಿನ ಮೈಗೆ ಬೇಕು ಅನ್ನಿಸಿದರೆ ಮೇಲೆ ಹೇಳಿದಂಥ ಸಣ್ಣ ಮಷಿನ್ನು ತಗೊಳ್ಳಿ. ಎರಡೂ ಸೇರಿ ನಿಮ್ಮ 12 ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು.

ಇನ್ನು ಹೊಳೆ. ಅಪ್ಪನ ಕಾಲದಲ್ಲಿ ಎಲ್ಲರೂ ಮಾಡಿದ್ದೇ ಅದು, ನಾನೂ ಹುಡುಗನಾಗಿದ್ದಾಗ ಬಾನೆಟ್ ಮೇಲೆ ಕೂತು ನೀರು ಎರಚಿದವನೇ. ಎಣ್ಣೆ, ಗ್ರೀಸು ಹೊಳೆಗೆ ಹೋಗುತ್ತದೆ ಅನ್ನುವುದು ಒಂದು. ಜೀಪಿಗೂ ಅದು ಒಳ್ಳೆಯದಲ್ಲ. ಓಡಿ ಬಂದ ಹೌಸಿಂಗು ಬಿಸಿ ಇರುತ್ತದೆ. ಅದನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಜೀಪಿನ ಹೌಸಿಂಗ್ ಆಯಿಲ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಅಂತ ನಿಮಗೆ ನೆನಪಿಲ್ಲದಿದ್ದರೆ, ಈ ಭಾನುವಾರ ಹಿಂದಿನ ಹೌಸಿಂಗಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ. ಎಣ್ಣೆ ಎಣ್ಣೆಯ ಬಣ್ಣದಲ್ಲೇ ಇದ್ದರೆ ಸರಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ 12 ಸಾವಿರದಲ್ಲಿ ಮೊದಲ ಖರ್ಚು 90 ನಂಬರ್ ಗೇರ್ ಆಯಿಲಿಗೆ ಮತ್ತು ಒಂದು ಜೊತೆ ಸೀಲಿಗೆ. ಮುಂದಿನ ಹೌಸಿಂಗನ್ನೂ ಮರೆಯಬೇಡಿ.